ನಮ್ಮ ಬಟ್ಟೆ ಹಾಕಿ ಹೊಲಿದು ನೋಡಿ ತಂದ ಸಾಫ್ಟ್‌ವೇರು

ಹೊಲಿಗೆ ಮಷಿನ್ ಕೊಳ್ಳಲು ನಾನು ಯಾವತ್ತೂ ಬರಿಗೈಯಲ್ಲಿ ಹೋದವಳಲ್ಲ. ಚೀಲದಲ್ಲಿ ನಮ್ಮದೇ ಜೀನ್ಸ್ ಬಟ್ಟೆಯ ದಪ್ಪ ತುಂಡು, ನಮ್ಮದೇ ದಾರದ ರೀಲು, ಜೊತೆಗೆ ನಮ್ಮಲ್ಲೇ ಹೊಲಿಯುವ ಒಬ್ಬ ಹೆಣ್ಣುಮಗಳು. ಇಷ್ಟಿದ್ದರೇನೇ ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಯ ಮೆಟ್ಟಿಲು ಹತ್ತುವುದು. ಅಂಗಡಿಯವರು ತಮ್ಮ ತೆಳ್ಳನೆಯ ಕಾಟನ್ ತುಂಡು ಹಾಕಿ ಸರ್ರನೆ ಓಡಿಸಿ ತೋರಿಸುತ್ತಾರೆ. ತೋರಿಸಲಿ, ಅದು ಅವರ ಹಬ್ಬ. ಅವರದು ಮುಗಿದ ಮೇಲೆ ನಾನು ನಮ್ಮ ಬಟ್ಟೆಯನ್ನು ಮಡಚಿ, ಮತ್ತೆ ಮಡಚಿ ಸೂಜಿಯ ಕೆಳಗೆ ಇಡುತ್ತೇನೆ.

"ಅಕ್ಕಾರ, ಇದು ಮಷಿನ್ ಐತ್ರಿ, ಕಲ್ಲು ಕುಟ್ಟೋ ಯಂತ್ರ ಅಲ್ರಿ."

"ಜೀನ್ಸ್ ಸೊಂಟಪಟ್ಟಿ ಅಂದ್ರ ಕಲ್ಲೇರಿ. ಓಡಸ್ರಿ, ನೋಡೋಣು."

ಕೌಲ್ ಬಜಾರಿನ ಮನೆಯ ಪಡಸಾಲೆಯಲ್ಲಿ ಒಂದೇ ಒಂದು ಮಷಿನ್ ಇಟ್ಟುಕೊಂಡು ಶುರು ಮಾಡಿದವಳು ನಾನು. ಈಗ ಅಲ್ಲೇ ಹಿಂದಿನ ಓಣಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟು ಇದೆ, ಸಿರುಗುಪ್ಪದಲ್ಲಿ ಒಂದು ರೂಮು, ಕುರುಗೋಡಿನಲ್ಲಿ ಒಂದು ರೂಮು. ಇಷ್ಟನ್ನೂ ಕಟ್ಟಿಸಿದ್ದು ಈ 'ನಮ್ಮ ಬಟ್ಟೆ ಹಾಕಿ ನೋಡುವ' ಚಾಳಿಯೇ. ಅಂಥವಳು ಸಾಫ್ಟ್‌ವೇರ್ ಕೊಳ್ಳುವಾಗ ಆ ಚಾಳಿಯನ್ನು ಮನೆಯಲ್ಲೇ ಮರೆತು ಹೋಗಿದ್ದೆ. ನೆನಪಿಸಿದ್ದು ಅತ್ತಿಗೆ. ಆ ಕಥೆ ಹೇಳುತ್ತೇನೆ, ಕೇಳಿ. ನೀವೂ ನಿಮ್ಮ ಅಂಗಡಿಗೋ ಆಸ್ಪತ್ರೆಗೋ ಶಾಲೆಗೋ ನಿಮ್ಮದೇ ಪಾಠಗಳನ್ನು ಫೋನಿನಲ್ಲಿ ಮಾಡಿಕೊಳ್ಳಬೇಕು ಅಂತ ಇದ್ದರೆ ಉಪಯೋಗಕ್ಕೆ ಬಂದೀತು.

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ನಮ್ಮಲ್ಲಿ ಹೊಸಬರಿಗೆ ಹೊಲಿಗೆ ಕಲಿಸುವಾಕೆ ಅವಳೇ. ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗಿ ಜೇಬು ಕಲಿಸಿ ಬರುತ್ತಿದ್ದಳು, ಆಮೇಲೆ ಕುರುಗೋಡಿಗೆ ಹೋಗಿ ಅದನ್ನೇ ಕಲಿಸಿ ಬರುತ್ತಿದ್ದಳು. ಅಷ್ಟರಲ್ಲಿ ಸಿರುಗುಪ್ಪದಲ್ಲಿ ಇಬ್ಬರು ಹೊಸಬರು ಸೇರಿರುತ್ತಿದ್ದರು, ಮತ್ತೆ ಜೇಬು. "ನನ್ನ ಬಾಯಿ ಟೇಪ್ ರೆಕಾರ್ಡ್ ಆಗೇತಿ, ಸೊಂಟ ಬಸ್ಸಿನ ಸ್ಪ್ರಿಂಗ್ ಆಗೇತಿ" ಎನ್ನುತ್ತಿದ್ದಳು. ನಾವು ಪಾಠಗಳನ್ನು ವಿಡಿಯೊ ಮಾಡಿ ಫೋನಿನ ಗುಂಪಿಗೆ ಹಾಕಿಯೂ ನೋಡಿದ್ದೆವು. ಶುಭೋದಯದ ಹೂವಿನ ಚಿತ್ರಗಳ ಅಡಿಯಲ್ಲಿ ಅವು ಸೇರಿಹೋದವು. ಯಾರು ನೋಡಿದರು, ಯಾರಿಗೆ ತಿಳಿಯಿತು, ದೇವರಿಗೇ ಗೊತ್ತು.

ಹೀಗಿರುವಾಗ ಬ್ರೂಸ್‌ಪೇಟೆಯ ಸಗಟು ವ್ಯಾಪಾರಿ ಸಾವಕಾರ್ರು ಒಂದು ದಿನ ನಮ್ಮ ಯೂನಿಟ್ಟಿಗೆ ಬಂದರು. ನಮ್ಮ ಮಾಲಿನಲ್ಲಿ ಹೆಚ್ಚು ಭಾಗ ಅವರಿಗೇ ಹೋಗುತ್ತದೆ. ಕುರುಗೋಡಿನ ಹೆಂಗಸರು ಅಲ್ಲಿಯವರೆಗೆ ಜೇಬು, ಬೆಲ್ಟಿನ ಕುಣಿಕೆ, ಕಾಲಿನ ಮಡಿಕೆ, ಇಷ್ಟೇ ಹೊಲಿಯುತ್ತಿದ್ದರು. ಸಾವಕಾರ್ರು ಹೇಳಿದ್ದು ಇಷ್ಟು: "ಅರ್ಧ ಕೆಲಸ ಅಲ್ಲಿ, ಅರ್ಧ ಇಲ್ಲಿ, ನನಗ ಬ್ಯಾಡವ್ವ. ದೀಪಾವಳಿ ಮಾಲು ಬರತೈತಿ. ಕುರುಗೋಡಿನೋರು ಜಿಪ್ಪು ಕೂಡ್ಸಾಕ ಕಲಿತ್ರ ಅಷ್ಟೂ ಅಲ್ಲಿಗೇ ಕೊಡ್ತೀನಿ. ಇಲ್ಲಂದ್ರ ಬ್ಯಾರೆ ಕಡಿ ನೋಡ್ಕೋತೀನಿ."

ಬೇರೆ ಕಡೆ ನೋಡಿಕೊಂಡರೆ ಕುರುಗೋಡಿನ ರೂಮಿಗೆ ಕೆಲಸವೇ ಇರುವುದಿಲ್ಲ. ಕೆಲಸ ಇಲ್ಲದ ರೂಮನ್ನು ನಾನು ಇಟ್ಟುಕೊಳ್ಳುವವಳಲ್ಲ, ಅದು ಅಲ್ಲಿಯವರಿಗೂ ಗೊತ್ತು. ಗೊಬ್ಬರದ ಅಂಗಡಿ ಇಡುವವನೊಬ್ಬ ಆಗಲೇ ಎರಡು ಸಲ ಬಂದು ಗೋಡೆ ತಟ್ಟಿ ನೋಡಿ ಹೋಗಿದ್ದ. ಆ ರೂಮಿನ ಕೀಲಿ ಇಟ್ಟುಕೊಳ್ಳುವಾಕೆಯನ್ನು ನಾವೆಲ್ಲ ಕೀಲಿ ಅಕ್ಕ ಎನ್ನುತ್ತೇವೆ. ಅವಳು ಫೋನ್ ಮಾಡಿದಳು.

"ಅಕ್ಕಾರ, ರೂಮು ಮುಚ್ಚತೀರೇನ್ರಿ?"

"ಯಾರಂದ್ರು?"

"ಗೊಬ್ಬರದವ ಅಂದ. ಇಲ್ಲಿ ಫ್ಯಾನಿನ ಕೆಳಗ ಕುಂತು ದುಡಿಯಾಕ ಕಲ್ತೀವ್ರಿ. ಮತ್ತ ಹತ್ತಿ ಬಿಡಸಾಕ ಹೋಗು ಅಂದ್ರ ಕಾಲು ಬರಂಗಿಲ್ರಿ."

"ಜಿಪ್ಪು ಕಲೀತೀರೇನು?"

"ಕಲಸೋರು ಬಂದ್ರ ಕಲೀದೇ ಏನ್ರಿ?"

ಕಲಿಸುವವಳ ಸೊಂಟಕ್ಕೆ ಆ ವಾರವೇ ಡಾಕ್ಟರು ಬೆಲ್ಟ್ ಕಟ್ಟಿ, ಬಸ್ಸು ಹತ್ತಬೇಡಿ ಎಂದಿದ್ದರು.

ದಾರಿ ಕಂಡದ್ದು ನಮ್ಮೂರ ಗಾಂಧಿನಗರದ ಒಂದು ಬ್ಯಾಂಕಿನಲ್ಲಿ. ಕೌಂಟರಿನ ಹುಡುಗಿ ನನ್ನ ಚೆಕ್ಕನ್ನು ಪಕ್ಕಕ್ಕಿಟ್ಟು ಕಂಪ್ಯೂಟರಿನಲ್ಲಿ ಏನೋ ಒತ್ತುತ್ತಿದ್ದಳು. ಒಂದು ಚಿತ್ರ, ಕೆಳಗೆ ಪ್ರಶ್ನೆ. ತಪ್ಪು ಒತ್ತಿದಳು, ಕೆಂಪಾಯಿತು. ಮತ್ತೆ ಒತ್ತಿದಳು, ಹಸಿರಾಯಿತು, ಮುಂದೆ ಹೋಯಿತು.

"ಇದೇನವ್ವ, ಆಟಾನ?"

"ಟ್ರೈನಿಂಗ್ರಿ ಮೇಡಂ. ಸರಿ ಉತ್ತರ ಕೊಡೋತನ ಮುಂದ ಬಿಡಂಗಿಲ್ಲ. ಯಾರು ಮುಗಿಸ್ಯಾರ, ಯಾರು ಇಲ್ಲ ಅಂತ ಮ್ಯಾನೇಜರಿಗೆ ಕಾಣತೈತ್ರಿ."

ಮುಂದೆ ಬಿಡುವುದಿಲ್ಲ! ಅತ್ತಿಗೆ ಬಾಯಿ ನೋಯಿಸಿಕೊಂಡು ಮಾಡುತ್ತಿದ್ದುದೂ ಇದನ್ನೇ ಅಲ್ಲವೇ? ಒಂದು ಹೊಲಿಗೆ ಸರಿಯಾಗುವ ತನಕ ಮುಂದಿನದಕ್ಕೆ ಬಿಡುತ್ತಿರಲಿಲ್ಲ. ಚೆಕ್ಕು ಮರೆತು ಮನೆಗೆ ಓಡಿಬಂದೆ.

ಆಮೇಲೆ ಒಂದು ವಾರ ನಮ್ಮ ಮನೆ ಸಂತೆಯಾಯಿತು. ಕಂಪ್ಯೂಟರಿನಲ್ಲಿ ಪಾಠ ಕಟ್ಟುವ ಸಾಫ್ಟ್‌ವೇರ್ ಮಾರುವವರು ಇಷ್ಟು ಜನ ಇದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಂದು ಕಡೆ ನಂಬರ್ ಕೊಟ್ಟಿದ್ದೇ ತಪ್ಪು, ಬೆಂಗಳೂರು ಹೈದರಾಬಾದುಗಳಿಂದ ಫೋನೋ ಫೋನು. ಅವರಲ್ಲಿ ಒಬ್ಬನ ಸಾಫ್ಟ್‌ವೇರು ಮಾತ್ರ ನನ್ನ ಕಣ್ಣು ಕುಕ್ಕಿತು. ಅದರಲ್ಲಿ ಮಾತಾಡುವ ಬೊಂಬೆಗಳು, ತಿರುಗುವ ಕಾರ್ಖಾನೆ, ದಾರಿ ಕವಲೊಡೆಯುವ ಕಥೆ, ಏನಿಲ್ಲ ಅದರಲ್ಲಿ! ಆ ಹುಡುಗ ಅಲ್ಲಿಂದಲೇ ನಮ್ಮ ಕಂಪ್ಯೂಟರಿನಲ್ಲಿ ತೋರಿಸುತ್ತಿದ್ದರೆ ನಾನು ಮಿಕಿಮಿಕಿ ನೋಡುತ್ತಿದ್ದೆ. ಮೊದಲ ಬೆಲೆಗೆ ನಕ್ಕೆ, ಎರಡನೆಯದಕ್ಕೆ ಸುಮ್ಮನಿದ್ದೆ, ಮೂರನೆಯದಕ್ಕೆ ಫೋನ್ ಇಡುತ್ತೇನೆ ಎಂದೆ. ಅವನು ಇಳಿಯುತ್ತಲೇ ಹೋದ. ಅವನನ್ನು ಇಳಿಸಿದ ಖುಷಿಯಲ್ಲಿ ವಸ್ತು ಬೇಕೋ ಬೇಡವೋ ಎನ್ನುವುದೇ ಮರೆತುಹೋಯಿತು. ಚೌಕಾಶಿ ಮಾಡುವವರಿಗೆ ಇದೊಂದು ರೋಗ, ಎಚ್ಚರ ಇರಲಿ. ಗೆದ್ದ ಬೆಲೆಯನ್ನು ಬಿಟ್ಟುಬರಲು ಮನಸ್ಸು ಒಪ್ಪುವುದಿಲ್ಲ.

ಅತ್ತಿಗೆ ಮಂಚದ ಮೇಲೆ ಬೆಲ್ಟ್ ಕಟ್ಟಿಕೊಂಡು ಕೂತು ಎಲ್ಲ ಕೇಳುತ್ತಿದ್ದಳು. "ಎಷ್ಟಕ್ಕ ಬಂತು?" ಅಂದಳು. ಹೇಳಿದೆ.

"ಅದರಾಗ ಪಾಠ ಮಾಡೋರು ಯಾರು?"

"ನೀನ."

"ನನಗೊಮ್ಮಿನೂ ಕೈಗೆ ಕೊಟ್ಟಿಲ್ಲಲ್ಲ? ಮಷಿನ್ ತರಾಕ ಹೋದ್ರ ಬಟ್ಟಿ ಒಯ್ತಿ, ದಾರ ಒಯ್ತಿ, ಹೊಲಿಯೋರನ್ನ ಒಯ್ತಿ. ಇದಕ್ಕ ಆ ಹುಡುಗನ ಬಟ್ಟಿ ಮ್ಯಾಲ ಆ ಹುಡುಗನ ಹೊಲಿಗಿ ನೋಡಿ ಬರಾಕತ್ತೀಯಲ್ಲ, ಏನ್ ಬಂತ ನಿನಗ?"

ಅವತ್ತೇ ಮಾರುವವರಿಗೆಲ್ಲ ಮತ್ತೆ ಫೋನ್ ತಿರುಗಿಸಿದೆ. ಬೆಲೆಯ ಮಾತು ಎತ್ತಲಿಲ್ಲ. "ನಿಮ್ಮ ಸಾಫ್ಟ್‌ವೇರು ನಮ್ಮ ಮನೆಯಾಗ ಸ್ವಲ್ಪ ದಿನ ಇರ್ಲಿ. ನಮ್ಮತ್ತಿಗಿ ಕೂಡ್ತಾಳ. ಆಕಿಗೆ ಬಂದ್ರ ವ್ಯಾಪಾರ, ಬರ್ಲಿಲ್ಲಂದ್ರ ನಮಸ್ಕಾರ." ಎಲ್ಲರೂ ಒಪ್ಪಿದರು. ಕೇಳಿದರೆ ಕೊಡುತ್ತಾರೆ, ಕೇಳಬೇಕು ಅಷ್ಟೇ.

ನಮ್ಮ ಬಟ್ಟೆ ಅಂದರೆ ಇಲ್ಲಿ ನಮ್ಮ ಪಾಠ. ಸುಲಭದ ಪಾಠವಲ್ಲ, ಎಲ್ಲಕ್ಕಿಂತ ದಪ್ಪದ್ದು, ಅಂದರೆ ಗಂಡಸರ ಜೀನ್ಸಿಗೆ ಜಿಪ್ಪು ಕೂಡಿಸುವುದು. ನಮ್ಮ ದಾರ ಅಂದರೆ ಕನ್ನಡ ಅಕ್ಷರ. ಜೊತೆಗೆ ಕೀಲಿ ಅಕ್ಕನ ಹತ್ತಿರ ಇದ್ದಂಥದ್ದೇ ಒಂದು ಹಳೇ ಫೋನು, ಗಾಜು ಸೀಳಿದ್ದು. ಹೊಲಿಯುವಾಕೆ ಅತ್ತಿಗೆ. ನಾನು ಪಕ್ಕದಲ್ಲಿ ಕೂತರೂ ಕೈ ಹಾಕಬಾರದು ಎಂದು ಅವಳೇ ಕಟ್ಟಳೆ ಮಾಡಿದಳು.

ಆ ಬೊಂಬೆಗಳ ದೊಡ್ಡ ಸಾಫ್ಟ್‌ವೇರು ತೆರೆದರೆ ವಿಮಾನದ ಮುಂಭಾಗದಂತೆ ತುಂಬಾ ಗುಂಡಿಗಳು. ಒಂದು ವಿಡಿಯೊ ಒಳಗೆ ಹಾಕುವಷ್ಟರಲ್ಲಿ ಅವಳಿಗೆ ಬೆವರು. "ಬೊಂಬಿ ಕೈ ಆಡಸ್ತೈತಿ, ನನ್ನ ಕೈ ಆಡವಲ್ದು" ಅಂದು ಎದ್ದಳು. ಎರಡನೆಯದು ಕಲಿಯಲು ಸುಲಭವಿತ್ತು, ನೋಡಲೂ ಚೆಂದ. ಆದರೆ 'ಪಟ್ಟಿ' ಎಂದು ಬರೆದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿತ್ತು. "ನೋಡು, ದಾರ ಹರೀತು" ಎಂದಳು ಅತ್ತಿಗೆ. ಮಾರುವವರಿಗೆ ಫೋನ್ ಮಾಡಿದರೆ, ಇಂಗ್ಲಿಷಿನಲ್ಲಿ ಬರೆಯಿರಿ ಮೇಡಂ ಎಂದರು. ನಾನು ನಮಸ್ಕಾರ ಎಂದೆ.

ಮೂರನೆಯದು ಸಣ್ಣದು. ನೋಡಲು ಸಪ್ಪೆ. ಖಾಲಿ ಹಾಳೆಯಂಥ ಪರದೆ, ಎಡಗಡೆ ಬೆರಳಲ್ಲಿ ಎಣಿಸುವಷ್ಟು ಗುಂಡಿಗಳು, ವಿಡಿಯೊ, ಚಿತ್ರ, ದನಿ, ಪ್ರಶ್ನೆ ಅಂತ. ಬೇಕಾದದ್ದನ್ನು ಬೆರಳಲ್ಲಿ ಎಳೆದು ತಂದು ಇಟ್ಟರೆ ಅಲ್ಲೇ ಕೂರುತ್ತದೆ. ಅತ್ತಿಗೆ ಮಧ್ಯಾಹ್ನ ರೊಟ್ಟಿ ಉಂಡು ಕೂತವಳು ಚಹಾದ ಹೊತ್ತಿಗೆ ಜಿಪ್ಪಿನ ಪಾಠದ ಮೊದಲ ಮೂರು ಹಂತ ಕಟ್ಟಿಬಿಟ್ಟಿದ್ದಳು! ದನಿಯನ್ನು ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ ತಾನೇ ಕೂಡಿಸಿದ್ದಳು, ಸಿರುಗುಪ್ಪದಲ್ಲಿ ತೆಲುಗು ಮನೆಮಾತಿನವರು ಬಹಳ ಅಂತ. ಸೀಳು ಗಾಜಿನ ಫೋನಿನಲ್ಲಿ ತೆರೆದೆ. ತೆರೆಯಿತು! ತಪ್ಪು ಒತ್ತಿದೆ, ಕೆಂಪಾಯಿತು. ಮತ್ತೆ ತಪ್ಪು ಒತ್ತಿದೆ.

"ಏ, ಬಿಡಂಗಿಲ್ಲವಾ! ಮುಂದ ಬಿಡಂಗಿಲ್ಲ!" ಎಂದು ನಾನು ಕೂಗಿದ್ದಕ್ಕೆ ಎದುರುಮನೆಯವರು ಕಿಟಕಿ ತೆರೆದು ನೋಡಿದರು.

"ನಿನ್ನನ್ನ ಯಾರಾರ ಮುಂದ ಬಿಡದಂಗ ತಡದಿದ್ದು ನಾ ಇವತ್ತ ನೋಡಿದ್ದು" ಅಂದಳು ಅತ್ತಿಗೆ.

ಆ ಸಣ್ಣದನ್ನೇ ತೆಗೆದುಕೊಂಡೆವು. ಅತ್ತಿಗೆ ಮಷಿನ್ನಿನ ಮೇಲಿನ ಟ್ಯೂಬ್‌ಲೈಟಿನ ಪಟ್ಟಿಗೆ ಫೋನನ್ನು ಪರದೆ ಕೆಳಗೆ ಮಾಡಿ ಕಟ್ಟಿ, ಸೆಲ್ಫಿ ತೆಗೆಯುವ ಮುಂದಿನ ಕ್ಯಾಮರಾದಲ್ಲಿ ತನ್ನ ಕೈ ಕಾಣುತ್ತಿದೆಯೇ ಎಂದು ತಲೆ ಎತ್ತಿ ನೋಡಿಕೊಳ್ಳುತ್ತ, ಇಡೀ ಪಾಠ ಮುಗಿಸಿದಳು. ಮಷಿನ್ನಿನ ಧಡೂತಿ ದೇಹ ಯಾಕೆ ಬೇಕು ಅಂತ ಅದನ್ನೆಲ್ಲ ಕತ್ತರಿಸಿ, ಬರೀ ಬೆರಳು, ಬಟ್ಟೆ, ಸೂಜಿ ಕಾಣುವ ಹಾಗೆ ಹತ್ತಿರಕ್ಕೆ ಎಳೆದಳು. ಪ್ರಶ್ನೆಯ ಚಿತ್ರಗಳನ್ನೂ ಆ ವಿಡಿಯೊದಿಂದಲೇ ತೆಗೆದಳು. ಕುರುಗೋಡಿಗೆ ಲಿಂಕ್ ಹೋಯಿತು, ಜೊತೆಗೆ ಅಭ್ಯಾಸಕ್ಕೆ ಅಂತ ಹಾಳಾದ ಬಟ್ಟೆಯ ತುಂಡುಗಳ ಗಂಟು ಬಸ್ಸಿನಲ್ಲಿ ಹೋಯಿತು.

ನಾನು ಕಂಪ್ಯೂಟರಿನ ಮುಂದೆ ಕ್ರಿಕೆಟ್ ಸ್ಕೋರ್ ನೋಡುವವರಂತೆ ಕೂತೆ. ಕೀಲಿ ಅಕ್ಕ ಶುರು ಮಾಡಿದಳು, ಮುಗಿಸಿದಳು, ಹಸಿರು. ಅವಳ ಪಕ್ಕದವಳು ಒಂದು ಪ್ರಶ್ನೆಯಲ್ಲಿ ಸಿಕ್ಕಿಬಿದ್ದಳು, ಮತ್ತೆ ನೋಡಿದಳು, ಹಸಿರು. ಸಂಜೆಯ ಹೊತ್ತಿಗೆ ಕುರುಗೋಡು ಪೂರ್ತಿ ಹಸಿರು! ಸಾವಕಾರ್ರಿಗೆ ಫೋನ್ ಮಾಡಿ, ಬರುವ ವಾರ ಸ್ಯಾಂಪಲ್ ತೋರಿಸುತ್ತೇನೆ ಎಂದುಬಿಟ್ಟೆ.

ಕೆಲವು ದಿನಗಳಾದ ಮೇಲೆ ಅಭ್ಯಾಸದ ಗಂಟು ಕುರುಗೋಡಿನಿಂದ ವಾಪಸ್ ಬಂತು. ಬಿಚ್ಚಿದೆ. ಎಂಥಾ ಹೊಲಿಗೆ! ಜಿಪ್ಪು ಎಲ್ಲೂ ಸುಕ್ಕಿಲ್ಲ, ಬಾಗಿದ ಹೊಲಿಗೆ ಎಲ್ಲೂ ನಡುಗಿಲ್ಲ. ನಾನು ಕುಣಿಯುವುದೊಂದು ಬಾಕಿ. ಅತ್ತಿಗೆ ಮಾತ್ರ ಒಂದು ತುಂಡು ಹಿಡಿದು ತಿರುಗಿಸಿ ನೋಡಿದಳು. ಇನ್ನೊಂದು ತೆಗೆದಳು. ಮತ್ತೊಂದು.

"ಇದೇನಲೇ, ಎಲ್ಲಾ ಉಲ್ಟಾ ಕೂಡಿಸ್ಯಾರ!"

ಗಂಡಸರ ಜೀನ್ಸಿನಲ್ಲಿ ಜಿಪ್ಪನ್ನು ಮುಚ್ಚುವ ಪಟ್ಟಿ ತೊಡುವವರ ಎಡಗಡೆಯಿಂದ ಬರಬೇಕು. ಇವು ಬಲಗಡೆಯಿಂದ ಬಂದಿದ್ದವು. ಒಂದಲ್ಲ, ಅಷ್ಟೂ. ಹೀಗೇ ಸಾವಕಾರ್ರ ಮುಂದೆ ಇಟ್ಟಿದ್ದರೆ ಕುರುಗೋಡಿನ ಕಥೆ ಅವತ್ತೇ ಮುಗಿಯುತ್ತಿತ್ತು. ಕೀಲಿ ಅಕ್ಕನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ.

"ಏನವ್ವ, ಇದ್ಯಾಕ ಹಿಂಗ ಬಲಕ್ಕ ಕೂಡಿಸೀರಿ?"

"ಪಾಠದಾಗ ಹೆಂಗೈತಿ ಹಂಗ ಮಾಡೀವ್ರಿ! ನಮಗೂ ಅನುಮಾನ ಬಂತ್ರಿ. ಆದ್ರ ಪ್ರಶ್ನೆಗೆ ಹಸಿರು ಬಂತಲ್ರಿ, ಮತ್ತ? ಇನ್ನೊಂದ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅತ್ತಿಗಿಯಾರು ಎಡಗೈಯೋರೇನ್ರಿ?"

ಅತ್ತಿಗೆ ತನ್ನ ಬಲಗೈ ನೋಡಿಕೊಂಡಳು. ಆಮೇಲೆ ತಲೆ ಎತ್ತಿ ಟ್ಯೂಬ್‌ಲೈಟಿನ ಪಟ್ಟಿಯನ್ನು ನೋಡಿದಳು. ಮುಂದಿನ ಕ್ಯಾಮರಾ ಕನ್ನಡಿಯ ಹಾಗೆ ಎಡವನ್ನು ಬಲ ಮಾಡಿ ಹಿಡಿದಿತ್ತು. ಸೂಜಿಯ ಬಲಕ್ಕಿರಬೇಕಾದ ಮಷಿನ್ನಿನ ಕಂಬ ಎಡಕ್ಕೆ ಕಾಣುತ್ತಿದ್ದರೆ ಯಾರಿಗಾದರೂ ತಕ್ಷಣ ಗೊತ್ತಾಗುತ್ತಿತ್ತು. ಅದನ್ನು ನಾವೇ ಕತ್ತರಿಸಿ ಹಾಕಿದ್ದೆವು.

ಅತ್ತಿಗೆ ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ಮಾತ್ರ, ನಂಬಿ, ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು.

"ಯಾಕ ಅಳ್ತಿ? ಅಷ್ಟೂ ಮಂದಿ ಬ್ಯಾರೆ ಬ್ಯಾರೆ ತಪ್ಪು ಮಾಡಿದ್ರ ಅಳಬೇಕಾಗಿತ್ತು. ಎಲ್ಲಾರೂ ಒಂದ ತಪ್ಪು ಮಾಡ್ಯಾರ, ಅದೂ ಸುಕ್ಕಿಲ್ಲದಂಗ! ನೀ ತೋರಿಸಿದ್ದು ಕೂದಲೆಳಿ ಬಿಡದಂಗ ಕಲ್ತಾರ. ನೀ ಬಸ್ಸು ಹತ್ತಿ ಹೋಗಿ ಕಲಿಸಿದಾಗ ಹಿಂಗ ಯಾವತ್ತಾರ ಕಲ್ತಿದ್ರೇನು?"

ಅವಳು ಅಳುತ್ತಲೇ ನಕ್ಕಳು. "ಅದೇನೋ ಖರೆ. ನಾ ಎದುರಿಗಿದ್ರ ಅರ್ಧ ಮಂದಿ ನನ್ನ ಸೀರಿ ನೋಡ್ತಿದ್ರು."

ಈಗ ಬರುತ್ತದೆ ನೋಡಿ, ಸಾಫ್ಟ್‌ವೇರಿನ ನಿಜವಾದ ಪರೀಕ್ಷೆ. ಹೊಸದಾಗಿ ಪಾಠ ಕಟ್ಟುವುದು ಎಷ್ಟು ಸುಲಭ ಎಂದು ಎಲ್ಲರೂ ತೋರಿಸುತ್ತಾರೆ. ಕಟ್ಟಿದ ಪಾಠದಲ್ಲಿ ತಪ್ಪಾದಾಗ ಬಿಚ್ಚಿ ಹೊಲಿಯುವುದು ಎಷ್ಟು ಸುಲಭ ಎಂದು ಯಾರೂ ತೋರಿಸುವುದಿಲ್ಲ. ನೀವೇ ಕೇಳಿ ನೋಡಬೇಕು. ಅತ್ತಿಗೆ ಕಣ್ಣೊರೆಸಿಕೊಂಡು ಕಂಪ್ಯೂಟರಿಗೆ ಕೂತಳು. ವಿಡಿಯೊದ ಮೇಲೆ ಒತ್ತಿದರೆ ಕೆಳಗೆ ನಾಲ್ಕಾರು ಗುರುತುಗಳು, ಅದರಲ್ಲೊಂದು ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ತ್ರಿಕೋನ. "ಇದಾ ಇರಬೇಕು" ಅಂತ ಒತ್ತಿದಳು. ಎಡಗೈ ಟಕ್ಕನೆ ಬಲಗೈ ಆಯಿತು. ಒಂದೊಂದೇ ವಿಡಿಯೊ, ಒಂದೊಂದೇ ಚಿತ್ರ ತಿರುಗಿಸಿದಳು. ಚಿತ್ರ ತಿರುಗಿದ ಮೇಲೆ ಕೆಲವು ಪ್ರಶ್ನೆಗಳ ಸರಿ ಉತ್ತರ ಅದಲು ಬದಲಾಗಿತ್ತು, ಅದನ್ನೂ ಸರಿ ಮಾಡಿದಳು. ಮತ್ತೆ ಪ್ರಕಟಿಸು ಎಂದು ಒತ್ತಿದಳು. ಲಿಂಕ್ ಹಳೆಯದೇ. ಕುರುಗೋಡಿನವರು ಅದನ್ನೇ ತೆರೆದರೆ ಹೊಸ ಪಾಠ. ಬೆಂಗಳೂರಿಗೆ ಫೋನಿಲ್ಲ, ಇಂಜಿನಿಯರು ಬರಬೇಕಿಲ್ಲ. ಒಲೆಯ ಮೇಲಿಟ್ಟ ಬೇಳೆ ಬೇಯುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಅಕ್ಕಾರ! ಅತ್ತಿಗಿಯಾರ ಕೈ ಬದ್ಲಾತ್ರಿ!" ಎಂದು ಕೀಲಿ ಅಕ್ಕ ಫೋನಿನಲ್ಲಿ ಕಿರುಚಿದಳು.

ಆದರೆ ಕಲಿತ ಕೈಯನ್ನು ತಿರುಗಿಸಲು ಗುಂಡಿ ಇಲ್ಲವಲ್ಲ. ಮರುದಿನ ಬೆಳಗಿನ ಬಸ್ಸಿಗೆ ನಾನೇ ಕುರುಗೋಡಿಗೆ ಹೋದೆ, ಅತ್ತಿಗೆ ಸ್ವತಃ ಹೊಲಿದ ಒಂದು ಸರಿಯಾದ ತುಂಡನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಪಾಠ ಎಷ್ಟೇ ಚೆನ್ನಾಗಿರಲಿ, ಕೈಯಲ್ಲಿ ಮುಟ್ಟಿ ನೋಡಲು ಒಂದು ನಮೂನೆ ಇರಲೇಬೇಕು. ಇದನ್ನು ನಾನು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ. ಹೆಂಗಸರು ಹೊಲಿಯುತ್ತ, ಬಿಚ್ಚುತ್ತ, ನನ್ನನ್ನೂ ಕ್ಯಾಮರಾವನ್ನೂ ಗೊಬ್ಬರದವನನ್ನೂ ಸಾಲಾಗಿ ಬೈಯುತ್ತ ಕೂತರು. ಮೊದಲ ದಿನ ಕೈ ಹಳೇ ಕಡೆಗೇ ಓಡುತ್ತಿತ್ತು. "ಬಲಕ್ಕ ಹೋದ್ರ ಹತ್ತಿ ಹೊಲ, ಎಡಕ್ಕ ಬಂದ್ರ ಫ್ಯಾನು" ಎಂದು ಕೀಲಿ ಅಕ್ಕ ರಾಗ ಎಳೆಯುತ್ತಿದ್ದಳು. ಬಂದರು, ಎಲ್ಲರೂ ಎಡಕ್ಕೆ ಬಂದರು.

ಹೇಳಿದ ದಿನ ಸಾವಕಾರ್ರು ಕೌಲ್ ಬಜಾರಿಗೆ ಬಂದರು. ಸ್ಯಾಂಪಲ್ ಜೀನ್ಸ್ ಕೈಗೆತ್ತಿಕೊಂಡು ಜಿಪ್ಪನ್ನು ಸರ್ರನೆ ಏರಿಸಿ ಇಳಿಸಿದರು, ಒಳಗೆ ಬೆರಳು ಹಾಕಿ ಹೊಲಿಗೆ ಎಳೆದರು, ಬೆಳಕಿಗೆ ಹಿಡಿದರು. ನನ್ನ ಮುಖ ನೋಡಿ, "ಬಳ್ಳಾರಿ ಮಾಲು ಕುರುಗೋಡಿಂದು ಅಂತ ತೋರಸಾಕತ್ತೀಯೇನವ್ವ?" ಅಂದರು.

ನಾನು ವಿಡಿಯೊ ಕಾಲ್ ಹಚ್ಚಿ ಫೋನ್ ಅವರ ಕೈಗೆ ಕೊಟ್ಟೆ. ಆ ಕಡೆ ಕೀಲಿ ಅಕ್ಕ ಹೊಲಿಯುತ್ತಿದ್ದಳು. "ನೋಡ್ರಿ ಸಾವಕಾರ, ಈ ಸಲ ಹಿಂದಿನ ಕ್ಯಾಮರಾರಿ" ಅಂದಳು. ಅವರಿಗೆ ಅದರ ಅರ್ಥ ಆಗಲಿಲ್ಲ. ಅವಳು ಜಿಪ್ಪು ಕೂಡಿಸಿ, ಬಾಗು ತಿರುಗಿಸಿ, ದಾರ ಕತ್ತರಿಸಿ ಎತ್ತಿ ತೋರಿಸುವ ತನಕ ಕಣ್ಣು ಕೀಳದೆ ನೋಡಿದರು.

"ಕಳಸ್ತೀನಿ" ಅಂದರು. "ಅಷ್ಟೂ ಅಲ್ಲಿಗೇ."

"ಹಂಗಾರ ಜಿಪ್ಪಿನ ಕೂಲಿ ಬ್ಯಾರೆ ಮಾತಾಡೋಣ್ರಿ" ಎಂದೆ ನಾನು. ಅಷ್ಟೂ ಬಂದಿತೆಂಬ ಖುಷಿಗೆ ಕೂಲಿ ಮರೆಯುವಷ್ಟು ದಡ್ಡಿಯಲ್ಲ. ಅವರು ಎರಡು ಚಹಾ ಕುಡಿದು ಒಪ್ಪಿದರು.

ಈಗ ಹೊಸ ಸುದ್ದಿ ಏನೆಂದರೆ, ಬೆಲ್ಟಿನ ಕುಣಿಕೆಯ ಪಾಠವನ್ನು ಅತ್ತಿಗೆ ಮಾಡಿಲ್ಲ. ಕುಣಿಕೆ ಹೊಲಿಯುವುದರಲ್ಲಿ ನಮಗಿಂತ ಕುರುಗೋಡಿನವರ ಕೈ ಚುರುಕು. ಕೀಲಿ ಅಕ್ಕ ಫೋನಿನಲ್ಲೇ ಆ ಸಣ್ಣ ಸಾಫ್ಟ್‌ವೇರು ತೆರೆದು, ತಾನೇ ಹಿಡಿದು, ತಾನೇ ಪ್ರಶ್ನೆ ಹಾಕಿ ಸಿರುಗುಪ್ಪಕ್ಕೆ ಕಳಿಸಿದ್ದಾಳೆ. ಮಷಿನ್ನಿನ ಕಂಬ ಪೂರ್ತಿ ಕಾಣುತ್ತದೆ. ನಡುವೆ ಬಾಗಿಲು ಬಡಿದ ಸದ್ದು, ಗೊಬ್ಬರದವನ ದನಿ: "ರೂಮು ಯಾವಾಗ ಖಾಲಿ ಮಾಡ್ತೀರಬೇ?" ಅವಳು ಕುಣಿಕೆಯಿಂದ ಕೈ ತೆಗೆಯದೆ, "ಸುಮ್ಕ ನಿಂದ್ರಣ್ಣ, ಪಾಠ ನಡದೈತಿ" ಅನ್ನುತ್ತಾಳೆ.

ಅದನ್ನು ಕತ್ತರಿಸಲೇ ಎಂದು ಅತ್ತಿಗೆ ಕೇಳಿದಳು. ಕೈ ಹಾಕಬೇಡ ಎಂದೆ. ಸಿರುಗುಪ್ಪದಲ್ಲಿ ಹೊಸದಾಗಿ ಸೇರಿದವರೆಲ್ಲ ಕುಣಿಕೆ ಕಲಿಯುವಾಗ ಅದನ್ನೂ ಕೇಳುತ್ತಾರೆ.